ಐದನೆಯ ಕಲ್ಲು

"ಗುರುಗಳೇ, ಎತ್ತರಕ್ಕೆ ಹೊರಟವನು ಹಿಂದಿರುಗಿ ನೋಡಬಹುದೇ?"

ಬೆಳಗಿನ ಪಾಠ ಮುಗಿದಿತ್ತು. ಉಳಿದವರು ಎದ್ದು ಹೋಗಿದ್ದರು. ಕೇಳಿದ ಶಿಷ್ಯನೊಬ್ಬನೇ ಕುಳಿತಿದ್ದ. ಮಠದಿಂದ ಆರು ಮಂದಿ ತಪಸ್ಸಿಗೆಂದು ಉತ್ತರದ ಹಿಮದ ಕಡೆಗೆ ಹೊರಡುವವರಿದ್ದರು. ಅವರಲ್ಲಿ ಅವನೂ ಒಬ್ಬ. ಮೂರು ದಿನದ ಹಿಂದೆ ಅವನ ಊರಿನಿಂದ ಒಂದು ಓಲೆ ಬಂದಿತ್ತು.

"ಓಲೆಯಲ್ಲಿ ಏನಿದೆ?" ಎಂದು ಗುರು ಕೇಳಿದರು.

"ನನ್ನನ್ನು ಸಾಕಿದ ಅಕ್ಕ ಹಾಸಿಗೆ ಹಿಡಿದಿದ್ದಾಳಂತೆ. ಅದಿರಲಿ. ಹೊರಟ ಮೇಲೆ ಹಿಂದೆ ನೋಡಿದರೆ ಪತನ ಎಂದು ಹಿರಿಯರು ಹೇಳುತ್ತಾರೆ. ನೋಡದಿದ್ದರೆ ದೋಷ ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದು ಸರಿ? ನನಗೆ ನಿಯಮ ಬೇಕು."

ಗುರು ನಿಯಮ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ದೊಡ್ಡ ದೇಶವಿತ್ತು. ಅದರ ಪೂರ್ವದ ತುದಿಯಲ್ಲಿ ಜನ ಬೆಳಗಿನ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಪಶ್ಚಿಮದ ತುದಿಯಲ್ಲಿ ಕೋಳಿ ಆಗಷ್ಟೇ ಕೂಗುತ್ತಿತ್ತು. ಅಷ್ಟು ದೊಡ್ಡ ದೇಶ. ಅದರ ರಾಜನಿಗೆ ತನ್ನ ನೆಲ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿರಲಿಲ್ಲ. ಕೇಳಿದರೆ ಆಸ್ಥಾನದವರು ಹೊಗಳುತ್ತಿದ್ದರೇ ಹೊರತು ಉತ್ತರ ಕೊಡುತ್ತಿರಲಿಲ್ಲ. ರಾಜ ಬೇಸತ್ತು ಒಬ್ಬ ಅಳತೆಗಾರನನ್ನು ಕರೆಸಿದ.

"ಐದು ಕಲ್ಲು ನೆಡು" ಎಂದ. "ನಾಲ್ಕು ದಿಕ್ಕಿನ ನಾಲ್ಕು ತುದಿಗೆ ನಾಲ್ಕು. ಐದನೆಯದು ಈ ದೇಶದಲ್ಲಿ ಎಲ್ಲಕ್ಕಿಂತ ಎತ್ತರದ ನೆಲಕ್ಕೆ. ಅದರ ಮೇಲೆ ಎತ್ತರವನ್ನು ಕೆತ್ತಿಸು. ಕೆಳಗೆ ನಿನ್ನ ಹೆಸರನ್ನೂ ಕೆತ್ತಿಸಿಕೋ."

ಅಳತೆಗಾರನಿಗೆ ಆಗ ಇಪ್ಪತ್ತಾರು ವರ್ಷ. ಮಾತು ಕಡಿಮೆ, ಕೆಲಸ ಹೆಚ್ಚು. ಒಂದು ಅಂಕೆಯನ್ನು ಮೂರು ಸಲ ಓದದೆ ಬರೆದುಕೊಳ್ಳುವವನಲ್ಲ. ಅವನು ದಕ್ಷಿಣದ ತುದಿಗೆ ಹೋದ. ಅಲ್ಲಿ ಸಮುದ್ರ. ಎತ್ತರದ ಲೆಕ್ಕವೆಲ್ಲ ಶುರುವಾಗಬೇಕಾದದ್ದು ಅಲ್ಲಿಂದಲೇ.

ಎತ್ತರ ಅಳೆಯುವುದು ಒಬ್ಬನ ಕೆಲಸವಲ್ಲ. ಒಬ್ಬ ಅಂಕೆ ಬರೆದ ಕೋಲನ್ನು ನೆಟ್ಟಗೆ ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬ ನೋಟದ ಕೊಳವೆ ಹೊತ್ತು ಅವನಿಗಿಂತ ಮೇಲೆ ಹೋಗುತ್ತಾನೆ. ಕೊಳವೆಯನ್ನು ಮಟ್ಟ ಮಾಡಿ, ಮೊದಲು ಹಿಂದಕ್ಕೆ ನೋಡಿ, ಕೋಲಿನ ಅಂಕೆ ಓದುತ್ತಾನೆ. ಓದಿಯಾದ ಮೇಲೆ ಬಿಳಿ ಬಟ್ಟೆ ಬೀಸುತ್ತಾನೆ. ಆಗ ಕೋಲಿನವನು ಹತ್ತಿ ಬಂದು, ಅವನನ್ನು ದಾಟಿ, ಇನ್ನೂ ಮೇಲೆ ನಿಲ್ಲುತ್ತಾನೆ. ಕೊಳವೆ ಮುಂದಕ್ಕೆ ತಿರುಗುತ್ತದೆ. ಇನ್ನೊಂದು ಅಂಕೆ. ಎರಡು ಅಂಕೆಗಳ ನಡುವಿನ ಅಂತರ ಎಷ್ಟೋ ಅಷ್ಟು ಏರಿದಂತಾಯಿತು. ಹೀಗೆ ಒಂದು ಸಲಕ್ಕೆ ಹೆಚ್ಚೆಂದರೆ ಒಂದು ಆಳೆತ್ತರ. ಸಮುದ್ರದ ದಡದಿಂದ ಬೆಟ್ಟದ ತುದಿಯವರೆಗೆ ಇದನ್ನೇ ಕೂಡಿಸುತ್ತ ಹೋಗಬೇಕು. ಹಿಂದಿನ ಅಂಕೆ ಓದುವ ಮೊದಲು ಕೋಲು ಒಂದು ಬೆರಳಿನಷ್ಟು ಅಲುಗಿದರೂ ಸರಪಳಿ ಅಲ್ಲಿಗೆ ತುಂಡು.

ಆದ್ದರಿಂದ ಅಳತೆಗಾರನಿಗೆ ಅಲುಗದೆ ನಿಲ್ಲುವ ಮನುಷ್ಯ ಬೇಕಿತ್ತು. ದಡದಲ್ಲಿ ಅಂಥವನೊಬ್ಬ ಕಣ್ಣಿಗೆ ಬಿದ್ದ. ಸೊಂಟದುದ್ದ ನೀರಿನಲ್ಲಿ ಬೀಸುಬಲೆ ಹಿಡಿದು ನಿಂತಿದ್ದ. ಹೊತ್ತು ನೆತ್ತಿಗೆ ಬಂದರೂ ನಿಂತೇ ಇದ್ದ.

"ಎಷ್ಟು ಹೊತ್ತು ಹೀಗೆ ನಿಲ್ಲುತ್ತೀಯ?" ಎಂದು ಅಳತೆಗಾರ ದಡದಿಂದ ಕೂಗಿದ.

"ಮೀನು ಬರೋವರೆಗೆ."

"ಬರದಿದ್ದರೆ?"

"ಬರದಿದ್ದರೆ ನಿಮ್ಮಂಥವರು ಬರ್ತಾರೆ ಅಯ್ಯಾ. ಮಾತಾಡಿಸಿ, ಬರೋ ಮೀನನ್ನೂ ಓಡಿಸ್ತಾರೆ."

ಅವನ ಹೆಸರು ದುಗ್ಗ. ಅಂದಿನಿಂದ ಕೋಲು ಅವನ ಕೈಗೆ ಬಂತು.

ದಕ್ಷಿಣದ ಕಲ್ಲನ್ನು ಅಲೆಯ ಅಂಚಿನ ಬಂಡೆಯ ಮೇಲೆ ನೆಟ್ಟರು. ಪಶ್ಚಿಮದ ತುದಿ ಉಪ್ಪಿನ ಬಯಲು. ಹದಿನೆಂಟು ದಿನ ನಡೆದರೂ ನೆಲ ಏರಲಿಲ್ಲ, ಇಳಿಯಲಿಲ್ಲ. "ಇಲ್ಲಿ ಅಂಕೆ ಯಾಕೆ ಬರೀತೀರಿ, ರುಚಿ ಬರೀರಿ" ಎಂದ ದುಗ್ಗ. ಅಳತೆಗಾರ ನಗಲಿಲ್ಲ. ಅಂಕೆ ಬರೆದ. ಉತ್ತರದ ತುದಿ ಕಲ್ಲುಮಣ್ಣಿನ ಮರುಭೂಮಿ. ಅಲ್ಲಿ ಉಸಿರು ತೆಳುವಾಗಿತ್ತು. ಕಲ್ಲು ನೆಡಲು ಗುಂಡಿ ತೋಡುವುದಕ್ಕೇ ಎರಡು ದಿನ ಹಿಡಿಯಿತು.

ಪೂರ್ವದ ತುದಿಗೆ ಹೋಗುವ ದಾರಿ ಕಾಡು. ಅಲ್ಲಿ ಒಂದು ಪ್ರಮಾದ ನಡೆಯಿತು. ಅಳತೆಗಾರ ಕೊಳವೆ ಹೊತ್ತು ಮುಂದೆ ಹೋದಾಗ ದುಗ್ಗನ ತೊಡೆಗೆ ಜಿಗಣೆ ಹತ್ತಿತು. ಒಂದಲ್ಲ, ಏಳೆಂಟು. ಅವನು ಬಗ್ಗಿ ಕಿತ್ತ. ಕೋಲು ಜಾರಿತು. ರಾತ್ರಿ ತಂಗುವಲ್ಲಿ ಹೊಡೆದ ಗೂಟವನ್ನು ಅವರು ಬೆಳಿಗ್ಗೆ ಕಿತ್ತುಕೊಂಡೇ ಹೊರಡುತ್ತಿದ್ದರು. ಬಂಡೆಯಲ್ಲಿ ಕೊರೆದ ಹಿಂದಿನ ಗಟ್ಟಿ ಗುರುತು ಇದ್ದದ್ದು ನಲವತ್ತು ದಿನದ ದಾರಿಯಾಚೆ, ಒಂದು ಹೊಳೆಯ ದಡದಲ್ಲಿ. ಇಬ್ಬರೂ ಅಲ್ಲಿಗೆ ಮರಳಿ, ಮೊದಲಿನಿಂದ ಅಳೆದುಕೊಂಡು ಬಂದರು.

ಅಳತೆಗಾರ ಬೈಯಲಿಲ್ಲ. ಬೈದಿದ್ದರೆ ದುಗ್ಗನಿಗೆ ಹಗುರಾಗುತ್ತಿತ್ತು. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಕೋಲನ್ನು ಮುಂದೆ ಹಿಡಿದು, ಮುಟ್ಟಿ ಆಣೆ ಮಾಡು ಎಂದ.

"ಬಿಳಿ ಬಟ್ಟೆ ಕಾಣುವವರೆಗೆ, ಮೈಮೇಲೆ ಹುಲಿ ಬಿದ್ದರೂ ಕದಲುವುದಿಲ್ಲ ಎಂದು ಹೇಳು."

"ಹುಲಿ ಬಿದ್ದರೆ ನಾನು ಕದಲೋದಿಲ್ಲ ಅಯ್ಯಾ. ಹುಲಿಯೇ ಎಳ್ಕೊಂಡು ಹೋಗುತ್ತೆ."

"ಹೇಳು."

ದುಗ್ಗ ಕೋಲು ಮುಟ್ಟಿ ಹೇಳಿದ. ಆಮೇಲೆ ಕೋಲು ಎಂದೂ ಜಾರಲಿಲ್ಲ. ಮಳೆಯಲ್ಲಿ ನಿಂತ, ಬಿಸಿಲಲ್ಲಿ ನಿಂತ. ಒಮ್ಮೆ ಕಣಜ ಕಚ್ಚಿ ಮುಖ ಬಾತು ಕಣ್ಣು ಮುಚ್ಚಿಹೋಯಿತು. ಆಗಲೂ ನಿಂತ. ಬಟ್ಟೆ ಬೀಸಿದ್ದು ಕಾಣಲಿಲ್ಲವಾದ್ದರಿಂದ ಅಳತೆಗಾರನೇ ಹೋಗಿ ಕೈ ಹಿಡಿದು ಕರೆತರಬೇಕಾಯಿತು.

ನಾಲ್ಕು ಕಲ್ಲು ನೆಟ್ಟಾಗ ಒಂಬತ್ತು ವರ್ಷ ಕಳೆದಿತ್ತು.

ಐದನೆಯ ಕಲ್ಲಿನ ಜಾಗ ಯಾವುದೆಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಉತ್ತರದ ಹಿಮದ ಸಾಲಿನಲ್ಲಿ ಎರಡು ಶಿಖರಗಳು ಅಕ್ಕಪಕ್ಕದಲ್ಲಿದ್ದವು. ಬೆಟ್ಟದ ಜನ ಅವಕ್ಕೆ ಎಡಗೊಂಬು, ಬಲಗೊಂಬು ಎನ್ನುತ್ತಿದ್ದರು. ಎಡಗಡೆಯ ಕಣಿವೆಯಲ್ಲಿ ನಿಂತರೆ ಎಡಗೊಂಬು ಎತ್ತರ. ಬಲಗಡೆಯ ಕಣಿವೆಯಲ್ಲಿ ನಿಂತರೆ ಬಲಗೊಂಬು ಎತ್ತರ. ಎರಡು ಕಣಿವೆಗಳ ಜನ ಇದೊಂದು ಮಾತಿಗೆ ಹೆಣ್ಣು ಕೊಡುವುದು ತರುವುದನ್ನೂ ಬಿಟ್ಟಿದ್ದರು.

ಹತ್ತನೆಯ ವರ್ಷ ಎಡಗೊಂಬನ್ನು ಅಳೆದರು. ಸಮುದ್ರದಿಂದ ಹನ್ನೆರಡು ಸಾವಿರದ ಏಳುನೂರ ನಲವತ್ತು ಮೊಳ. ಹನ್ನೊಂದನೆಯ ವರ್ಷ ಬಲಗೊಂಬು. ಐದನೆಯ ಕಲ್ಲನ್ನು ಹೊತ್ತ ಆಳುಗಳು ಕೊನೆಯ ಹಳ್ಳಿಯಲ್ಲೇ ಉಳಿದರು. ಮೇಲೆ ಹೋದವರು ಇಬ್ಬರೇ.

ಹಳ್ಳಿಯ ಮುದುಕಿಯೊಬ್ಬಳು ಹೊರಡುವಾಗ ಎಚ್ಚರಿಸಿದಳು. "ಹೊತ್ತು ನೆತ್ತಿಯಿಂದ ಇಳಿಯೋದರೊಳಗೆ ನೀವೂ ಇಳಿದುಬಿಡಿ. ಮೋಡ ಹತ್ತಿದರೆ ಕೊಂಬು ಯಾರನ್ನೂ ಬಿಡೋದಿಲ್ಲ. ಈ ವಾರ ಕಳೆದರೆ ಕಣಿವೆಯ ಬಾಯಿ ಮುಚ್ಚುತ್ತೆ. ಆಮೇಲೆ ಬರೋ ವರ್ಷವೇ."

ಬೆಳಕು ಹರಿಯುವ ಮುನ್ನ ಹೊರಟರು. ಗಾಳಿಯಿರಲಿಲ್ಲ. ಓದುವುದು, ಬಟ್ಟೆ ಬೀಸುವುದು, ದಾಟುವುದು, ಮತ್ತೆ ಓದುವುದು. ಕೆಲಸ ಸರಾಗವಾಗಿ ನಡೆಯಿತು. ಹೊತ್ತು ಏರುವಷ್ಟರಲ್ಲಿ ಶಿಖರದ ಹೆಗಲಿಗೆ ಬಂದರು. ಅದೊಂದು ಹಿಮದ ಹಾಸು. ಹೆಚ್ಚುಕಡಿಮೆ ಸಮನಾಗಿತ್ತು, ನೂರೈವತ್ತು ಹೆಜ್ಜೆ ಉದ್ದ. ಅದರ ಆಚೆ ತುದಿಯಲ್ಲಿ ಎದೆಯೆತ್ತರದ ಒಂದು ಹಿಮದ ಗುಪ್ಪೆ. ಅದೇ ಬಲಗೊಂಬಿನ ನೆತ್ತಿ.

ಹಾಸಿನ ಈಚೆ ತುದಿಯಲ್ಲಿ ದುಗ್ಗ ಕೋಲು ನಿಲ್ಲಿಸಿದ. ಅಲ್ಲಿ ಬಂಡೆಯಿರಲಿಲ್ಲ. ಬಂಡೆಯಿದ್ದರೆ ಗುರುತು ಕೊರೆದು ಕೋಲನ್ನು ಬಿಟ್ಟು ಹೋಗಬಹುದಿತ್ತು. ಹಿಮದ ಮೇಲೆ ಒಂದು ಕಬ್ಬಿಣದ ಬಿಲ್ಲೆ ಇಟ್ಟು, ಅದರ ಮೇಲೆ ಕೋಲು ಊರಿ, ಹಿಮ ಕುಸಿಯದಂತೆ ಎರಡು ಪಾದಗಳಿಂದ ಬಿಲ್ಲೆಯ ಸುತ್ತಲನ್ನು ಒತ್ತಿ ಹಿಡಿದು ನಿಂತ. ಅಳತೆಗಾರ ಅಂಕೆ ಓದಿ ಕೂಡಿಸಿದ. ಹನ್ನೆರಡು ಸಾವಿರದ ಏಳುನೂರ ಮೂವತ್ತೇಳು ಮೊಳ. ಮುಂದೆ ಕಾಣುವ ಗುಪ್ಪೆ ಮೂರು ಮೊಳದ ಆಸುಪಾಸು. ಎಡಗೊಂಬಿಗೂ ಬಲಗೊಂಬಿಗೂ ವ್ಯತ್ಯಾಸವೇನಿದ್ದರೂ ಬೆರಳುಗಳಲ್ಲಿ. ಉಳಿದದ್ದು ಎರಡೇ ಅಂಕೆ, ಹಿಂದಿನದೊಂದು, ಮುಂದಿನದೊಂದು.

ಕೂಡಿಸಿದ್ದನ್ನು ಅವನು ಇನ್ನೆರಡು ಸಲ ಓದಿದ. ಕೊಳವೆಯನ್ನೂ ಗಂಟನ್ನೂ ಹೊತ್ತು ಹಾಸನ್ನು ದಾಟಿದ. ಕಂಬಳಿಗಳೆರಡೂ ಅವನ ಗಂಟಿನಲ್ಲಿದ್ದವು. ಕೋಲು ಹಿಡಿಯುವವನ ಬೆನ್ನ ಮೇಲೆ ಭಾರವಿರಬಾರದು ಎಂಬುದು ಅವರ ಪದ್ಧತಿ.

ಗುಪ್ಪೆಯ ಬುಡದಲ್ಲಿ ಕೊಳವೆ ನಿಲ್ಲಿಸಿದ. ಮಟ್ಟ ಮಾಡಿದ. ಹಿಂದಕ್ಕೆ ತಿರುಗಿಸಿ ಕಣ್ಣಿಟ್ಟ. ಕೋಲು ಕಾಣಲಿಲ್ಲ. ಮೋಡ ಹತ್ತಿತ್ತು.

ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಹತ್ತು ಹೆಜ್ಜೆಯಾಚೆ ಬೆಳ್ಳಗೆ ಗೋಡೆ. ಗಾಳಿಯೂ ಎದ್ದಿತು. ಅವನು ಒಂದು ಸಲ ಕೂಗಿದ. ಕೂಗು ಬಾಯಿಯಿಂದಲೇ ಹಾರಿಹೋಯಿತು. ಬಟ್ಟೆ ಬೀಸಬಹುದಿತ್ತು, ಆದರೆ ಕಾಣುವವರಾರು? ಕಂಡರೆ ದುಗ್ಗ ಕೋಲೆತ್ತಿಕೊಂಡು ಬಂದುಬಿಡುತ್ತಾನೆ. ಅಂಕೆ ಓದದೆ ಬಟ್ಟೆ ಬೀಸುವುದುಂಟೇ?

ಕಾಯೋಣ ಎಂದುಕೊಂಡ. ಮೋಡ ಹರಿಯುತ್ತದೆ. ಒಂದು ಗಳಿಗೆ.

ಒಂದು ಗಳಿಗೆ ಕಳೆಯಿತು. ಗಂಟಿನಿಂದ ಕಂಬಳಿ ತೆಗೆದು ಹೊದ್ದ. ದುಗ್ಗ ಗಟ್ಟಿ ಆಳು. ಮೀನು ಬರುವವರೆಗೆ ನಿಲ್ಲುವವನು. ಇನ್ನೊಂದು ಗಳಿಗೆ ಅವನಿಗೆ ಯಾವ ಲೆಕ್ಕ? ಕಣ್ಣನ್ನು ಕೊಳವೆಯಿಂದ ತೆಗೆದರೆ ಮೋಡ ಆ ಕ್ಷಣವೇ ಹರಿದು ಮತ್ತೆ ಮುಚ್ಚೀತು ಎಂಬ ಭಯ. ಅಲ್ಲೇ ಬಗ್ಗಿ ನಿಂತ. ಹಿಂದೆ ಹೋಗಿ ಅವನನ್ನು ಕರೆತಂದರೆ ಬಿಲ್ಲೆ ಹಿಮದಲ್ಲಿ ಕೂರುತ್ತದೆ. ಹಿಂದಿನ ಗಟ್ಟಿ ಗುರುತು ಹನ್ನೆರಡು ದಿನದ ದಾರಿ. ಹನ್ನೆರಡು ದಿನದಲ್ಲಿ ಕಣಿವೆ ಮುಚ್ಚಿರುತ್ತದೆ. ಹನ್ನೊಂದು ವರ್ಷದ ದುಡಿಮೆ ಎರಡು ಅಂಕೆಗೆ ನಿಂತಿದೆ. ಅವನು ತನಗೆ ತಾನೇ ಇದನ್ನೆಲ್ಲ ಕ್ರಮವಾಗಿ ಹೇಳಿಕೊಂಡ. ಒಂದೊಂದೂ ಸರಿಯಾಗಿತ್ತು.

ಚಳಿ ಹೆಚ್ಚಿತು. ಗಂಟಿಗೆ ಕೈ ಹಾಕಿ ಎರಡನೆಯ ಕಂಬಳಿಯನ್ನೂ ಎಳೆದು ಹೊದ್ದ. ಅದು ಯಾರದೆಂದು ಆಗ ಅವನಿಗೆ ಹೊಳೆಯಲಿಲ್ಲ.

ಮೂರನೆಯ ಗಳಿಗೆಯ ಹೊತ್ತಿಗೆ ಗಾಳಿ ಒಂದು ಕಡೆಯಿಂದ ಮೋಡವನ್ನು ಸೀಳಿತು. ಕೊಳವೆಯೊಳಗೆ ಕೋಲು ಕಂಡಿತು. ನೆಟ್ಟಗೆ ನಿಂತಿತ್ತು. ಒಂದಿಷ್ಟೂ ವಾಲಿರಲಿಲ್ಲ. ಅಳತೆಗಾರ ಉಸಿರು ಬಿಗಿಹಿಡಿದು ಅಂಕೆ ಹುಡುಕಿದ.

ಅಂಕೆಯಿರಬೇಕಾದ ಜಾಗದಲ್ಲಿ ಒಂದು ಕೈ ಇತ್ತು.

ದುಗ್ಗ ತಲೆಯ ವಸ್ತ್ರವನ್ನು ಬಿಚ್ಚಿ, ಎರಡೂ ಕೈಗಳನ್ನು ಕೋಲಿಗೆ ಸುತ್ತಿ ಕಟ್ಟಿಕೊಂಡಿದ್ದ. ಗಂಟನ್ನು ಹಲ್ಲಿನಿಂದ ಬಿಗಿದಿರಬೇಕು. ಬೆರಳುಗಳ ಹಿಡಿತ ಹೋದರೂ ಕೋಲು ಬೀಳದಿರಲಿ ಎಂದು. ಬರಿದಾದ ತಲೆಯ ಮೇಲೆ ಹಿಮ ಕೂತಿತ್ತು. ಬೆರಳುಗಳ ಬಣ್ಣ ಕೊಳವೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಹನ್ನೊಂದು ವರ್ಷ ದಿನಕ್ಕೆ ನೂರು ಸಲ ಅವನು ಆ ಕಡೆಗೆ ನೋಡಿದ್ದ. ಕೋಲನ್ನು ನೋಡಿದ್ದ, ಅಂಕೆಯನ್ನು ನೋಡಿದ್ದ. ಆ ಕೈ ಅವನ ಕಣ್ಣಿಗೆ ಬಿದ್ದದ್ದು ಇದೇ ಮೊದಲು.

ಕೈ ಒಂದು ಗೇಣು ಕೆಳಗಿದ್ದಿದ್ದರೆ ಅಂಕೆ ಕಾಣುತ್ತಿತ್ತು. ಕಂಡಿದ್ದರೆ ತಾನು ಏನು ಮಾಡುತ್ತಿದ್ದೆನೆಂದು ಅವನು ಆಮೇಲೆ ಬಹಳ ಕಾಲ ಯೋಚಿಸಿದನಂತೆ.

ಆಗ ಮಾತ್ರ ಯೋಚಿಸಲಿಲ್ಲ. ಕೊಳವೆಯನ್ನು ನಿಂತಲ್ಲೇ ಬಿಟ್ಟು ಓಡಿದ. ಹೆಗಲ ಮೇಲೆ ಎರಡು ಕಂಬಳಿಗಳ ಭಾರ ತಿಳಿದಾಗ ಎರಡನೆಯದು ಯಾರದೆಂದು ಹೊಳೆಯಿತು. ಮೋಡ ಮತ್ತೆ ಮುಚ್ಚುತ್ತಿತ್ತು. ತನ್ನ ಹೆಜ್ಜೆಗುರುತುಗಳೂ ಅಳಿಸಿದ್ದವು. ಕೊಳವೆ ಯಾವ ಕಡೆಗೆ ಮುಖ ಮಾಡಿತ್ತೋ ಅದೇ ನೇರದಲ್ಲಿ ಓಡಿದ, ಎಡವಿ ಬಿದ್ದ, ಎದ್ದು ಓಡಿದ.

ದುಗ್ಗನ ಕಣ್ಣು ಅರ್ಧ ತೆರೆದಿತ್ತು. ಹುಬ್ಬಿನ ಮೇಲೆ ಹಿಮ ಹೆಪ್ಪುಗಟ್ಟಿತ್ತು. ಅಳತೆಗಾರನ ಮುಖ ಹತ್ತಿರ ಬಂದಾಗ ತುಟಿ ಅಲುಗಿತು.

"ಕೋಲು ಕದಲಲಿಲ್ಲ ಅಯ್ಯಾ" ಎಂದ. "ಓದಿಕೊಂಡಿರಾ?"

ಅಳತೆಗಾರ ಕೈಯ ಕಟ್ಟು ಬಿಚ್ಚತೊಡಗಿದ. ದುಗ್ಗ ಬಿಡಲಿಲ್ಲ. ಇದ್ದಬದ್ದ ಬಲವನ್ನೆಲ್ಲ ಕೈಗೆ ತಂದುಕೊಂಡು ಕೋಲನ್ನು ಎದೆಗೆ ಒತ್ತಿಕೊಂಡ.

"ಬಟ್ಟೆ ಕಾಣಲಿಲ್ಲವಲ್ಲ" ಎಂದ.

ಮೂರು ಸಲ ಓದದೆ ಒಂದು ಅಂಕೆ ಬರೆಯದ ಆ ಮನುಷ್ಯ ಅವನ ಕಿವಿಗೆ ಬಾಯಿಟ್ಟು ಹೇಳಿದ: "ಓದಿದೆ ದುಗ್ಗಾ. ಬಟ್ಟೆಯನ್ನೂ ಬೀಸಿದೆ. ಮೋಡದಲ್ಲಿ ನಿನಗೆ ಕಾಣಲಿಲ್ಲ. ಓದಿಯಾಯಿತು, ಬಿಡಪ್ಪಾ."

"ಎಷ್ಟು ಬಂತು?"

"ಬೇಕಾದಷ್ಟು ಬಂತು."

ಆಗ ದುಗ್ಗನ ಕೈ ಸಡಿಲವಾಯಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅವನ ಪಾದ ಸರಿದೊಡನೆ ಬಿಲ್ಲೆ ಹಿಮದೊಳಗೆ ಹೂತುಹೋಯಿತು. ಎಷ್ಟು ಆಳಕ್ಕೆ ಹೋಯಿತೆಂದು ಅಳತೆಗಾರ ನೋಡಲಿಲ್ಲ.

ಎರಡೂ ಕಂಬಳಿಗಳನ್ನು ಅವನಿಗೆ ಸುತ್ತಿದ. ತಲೆಯ ವಸ್ತ್ರದಿಂದ ಅವನನ್ನು ತನ್ನ ಬೆನ್ನಿಗೆ ಕಟ್ಟಿಕೊಂಡ. ಏಳಲಾಗಲಿಲ್ಲ. ಕೋಲು ಊರಿಕೊಂಡು ಎದ್ದ. ಅದನ್ನೇ ಊರಿಕೊಂಡು ಇಳಿಯತೊಡಗಿದ. ಅಳತೆಯ ಕೋಲನ್ನು ಹಾಗೆ ಊರಬಾರದು, ಬುಡ ಸವೆಯುತ್ತದೆ, ಅಂಕೆ ತಪ್ಪುತ್ತದೆ ಎಂದು ದುಗ್ಗನಿಗೆ ಕಲಿಸಿದವನು ಅವನೇ.

ದಾರಿಯುದ್ದಕ್ಕೂ ಅವನು ಮಾತಾಡುತ್ತಲೇ ಇದ್ದ. ಹನ್ನೊಂದು ವರ್ಷ ಆಡದೆ ಉಳಿಸಿಕೊಂಡ ಮಾತೆಲ್ಲ ಅಂದು ಹೊರಬಂತು. ಉಪ್ಪಿನ ಬಯಲಿನ ತಮಾಷೆಗೆ ಅಂದೇ ನಗು ಬಂದಿತ್ತು, ತಡೆದುಕೊಂಡಿದ್ದೆ ಎಂದ. ಜಿಗಣೆ ಹತ್ತಿದರೆ ಯಾರಾದರೂ ಕೀಳುತ್ತಾರೆ ಎಂದ. ಬೆನ್ನ ಮೇಲಿನಿಂದ ಮೊದಮೊದಲು ಹೂಂಗುಟ್ಟಿದ್ದು ಕೇಳಿಸಿತು. ಆಮೇಲೆ ಗಾಳಿಯ ಸದ್ದಿನಲ್ಲಿ ಏನೂ ತಿಳಿಯಲಿಲ್ಲ. ಅವನು ಮಾತು ನಿಲ್ಲಿಸಲಿಲ್ಲ.

ಹೊತ್ತು ಮುಳುಗುವ ಮುನ್ನ ಹಳ್ಳಿ ಮುಟ್ಟಿದ. ಜನ ಓಡಿಬಂದು ಬೆನ್ನಿನಿಂದ ದುಗ್ಗನನ್ನು ಇಳಿಸಿಕೊಂಡರು. ಮುದುಕಿ ಒಲೆಗೆ ಸೌದೆ ತುಂಬಿದಳು. ಹಿಂದೆ ತಿರುಗಿದರೆ ಎರಡು ಕೊಂಬುಗಳೂ ಇರಲಿಲ್ಲ. ಬರಿಯ ಮೋಡ.

ಆ ವಾರವೇ ಕಣಿವೆಯ ಬಾಯಿ ಮುಚ್ಚಿತು. ಕೊಳವೆ ಮೇಲೆಯೇ ಉಳಿಯಿತು. ಅಳತೆಗಾರ ಮತ್ತೆ ಅಳೆಯಲಿಲ್ಲ. ರಾಜನಿಗೆ ನಾಲ್ಕು ಕಲ್ಲುಗಳ ಲೆಕ್ಕ ಒಪ್ಪಿಸಿ ಕೆಲಸ ಬಿಟ್ಟ. ಐದನೆಯ ಕಲ್ಲು ಕೊನೆಯ ಹಳ್ಳಿಯಲ್ಲೇ ಬಿದ್ದಿದೆ. ಅದರ ಮೇಲೆ ಅಂಕೆಯಿಲ್ಲ, ಹೆಸರಿಲ್ಲ. ಹೆಂಗಸರು ಅದರ ಮೇಲೆ ಉಣ್ಣೆ ಒಗೆಯುತ್ತಾರೆ.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಗಮನವಿಟ್ಟು ಕೇಳಿದ್ದ. ನಡುನಡುವೆ ಬೆರಳಿನ ಗೆಣ್ಣುಗಳ ಮೇಲೆ ಮೊಳಗಳನ್ನು ಕೂಡಿಸಿ ಕಳೆದೂ ನೋಡಿದ್ದ. ಗುರು ಮುಂದುವರಿಸುವಂತೆ ಕಾಣಲಿಲ್ಲ.

"ಆಮೇಲೆ ಬೇರೆ ಯಾರೂ ಹೋಗಿ ಅಳೆಯಲಿಲ್ಲವೇ ಗುರುಗಳೇ?" ಎಂದು ಕೇಳಿದ. "ಎರಡರಲ್ಲಿ ಯಾವುದು ಎತ್ತರ ಎಂದು ಕೊನೆಗೂ ತಿಳಿಯಲಿಲ್ಲವೇ?"

ಗುರು ಅವನ ಮುಖವನ್ನೇ ನೋಡಿದರು. ಅವರ ನೋಟದಲ್ಲಿ ಕೋಪವಿರಲಿಲ್ಲ.

"ದುಗ್ಗ ಬದುಕಿದನೇ ಎಂದು ನೀನು ಕೇಳಲಿಲ್ಲ, ಮಗು" ಎಂದರು.

ಶಿಷ್ಯ ಸೊಂಟಕ್ಕೆ ಸಿಕ್ಕಿಸಿದ್ದ ಓಲೆಯನ್ನು ತೆಗೆದು ಬಿಚ್ಚಿದ.